ಗೋಡೆ ಒಣಗುವ ತನಕ

ಅಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ದೂರದ ಇಟಲಿ ದೇಶದಲ್ಲಿ, ಕಡಲಿಗೆ ಮುಖ ಮಾಡಿ ನಿಂತ ಕೆಂಪು ಗುಡ್ಡದ ನೆತ್ತಿಯ ಮೇಲೆ ಮೊಂತೆಸಾರ ಎಂಬ ಒಂದು ಊರಿತ್ತಂತೆ. ಮುನ್ನೂರು ಮೆಟ್ಟಿಲು ಹತ್ತಿ ಹೋದವರಿಗೆ ಮೊದಲು ಸಿಗುವುದು ಮಾತೆ ಮರಿಯಮ್ಮನವರ ಇಗರ್ಜಿ. ಆ ಇಗರ್ಜಿಯ ಕಡಲ ಕಡೆಯ ಗೋಡೆಗೆ ಸುಣ್ಣ ಬಳಿಯುವವನೇ ನಜಾರಿಯೋ.

ನಜಾರಿಯೋನ ಹೆಂಡತಿ ತೀರಿಕೊಂಡಿದ್ದಳು. ಇದ್ದೊಬ್ಬ ಮಗ ದೊನಾತೊ ಊರಿನ ಐದು ದೋಣಿಗಳ ಜೊತೆ ಮೀನಿಗೆ ಹೋಗುತ್ತಿದ್ದ. ನಜಾರಿಯೋ ಚಿಪ್ಪು ಸುಟ್ಟು ತಾನೇ ಸುಣ್ಣ ಮಾಡುತ್ತಿದ್ದನಂತೆ. ಕುಂಚದ ಒಂದೊಂದು ಎಳೆತಕ್ಕೂ ಒಂದೊಂದು ನಮೋ ಮರಿಯ ಹೇಳುತ್ತಿದ್ದನಂತೆ. ಆ ಗೋಡೆಯ ಮೇಲಿದ್ದದ್ದು ಸುಣ್ಣವೋ ಜಪವೋ, ಬಲ್ಲವರು ಯಾರು!

ಆ ಬಿಳುಪು ಬರೀ ಚಂದಕ್ಕಲ್ಲ. ಗುಡ್ಡದ ಬುಡದಲ್ಲಿ, ನೀರಿನೊಳಗೆ ಬಂಡೆಗಳ ಸಾಲು. ನಡುವೆ ದೋಣಿ ನುಸುಳುವಷ್ಟೇ ಜಾಗ. ಬಿಳಿ ಗೋಡೆಯನ್ನು ದೋಣಿಯ ಮೂತಿಯ ನೇರಕ್ಕೆ ಹಿಡಿದು ಬಂದರೆ ದಡ, ಆಚೀಚೆಯಾದರೆ ಬಂಡೆ.

ಒಂದು ವರ್ಷ ಮಾತೆಯ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆಂದು ಸುದ್ದಿ ಬಂತು. ಊರ ಯಜಮಾನ ಗಾಸ್ಪಾರೊ ಹಿರಿಯರನ್ನು ಸೇರಿಸಿದ. ಬಿಷಪ್ಪರ ಊರಿನಲ್ಲಿ ಗೋಡೆಗಳಿಗೆಲ್ಲ ಕೆಂಪು ಕಾವಿ ಬಳಿದಿದ್ದಾರಂತೆ, ನಮ್ಮ ಸುಣ್ಣದ ಗೋಡೆ ಬಡವರ ಹಟ್ಟಿಯಂತೆ ಕಾಣುತ್ತದೆ, ಇದಕ್ಕೂ ಕಾವಿ ಬಳಿಸೋಣ ಎಂದ. ಆ ಹಿರಿಯರೆಲ್ಲ ದ್ರಾಕ್ಷಿ ತೋಟದವರು. ತಮ್ಮ ಊರನ್ನು ಕಡಲಿನಿಂದ ಒಮ್ಮೆಯೂ ನೋಡಿದವರಲ್ಲ. ಎಲ್ಲರೂ ಹೂಂ ಎಂದರು.

"ಯಜಮಾನರೇ, ಗುಡ್ಡವೂ ಕೆಂಪು, ಗೋಡೆಯೂ ಕೆಂಪಾದರೆ ದೋಣಿಯವರಿಗೆ ಕಾಣುವುದೇನು?" ಎಂದ ನಜಾರಿಯೋ.

"ಹುಟ್ಟಿದೂರಿನ ಗುರುತು ಹತ್ತದವನು ಮೀನನ್ನಾದರೂ ಹೇಗೆ ಹಿಡಿಯುತ್ತಾನೆ ಮಾರಾಯ?" ಎಂದ ಗಾಸ್ಪಾರೊ. ಸಭೆ ನಕ್ಕಿತು.

ನಜಾರಿಯೋ ಸಾಧು ಮನುಷ್ಯ. ಇನ್ನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ತನ್ನ ಕೈಯಾರೆ ಗೋಡೆಗೆ ಕಾವಿ ಬಳಿದ. ಅಂದು ಅವನ ತುಟಿಯಲ್ಲಿ ಜಪ ಏಳಲಿಲ್ಲವಂತೆ.

ದೋಣಿಗಳು ಅಷ್ಟರಲ್ಲಿ ಕಡಲಿಗಿಳಿದು ಮೂರು ದಿನವಾಗಿತ್ತು. ಹಬ್ಬದ ಮಧ್ಯಾಹ್ನದೊಳಗೆ ಮರಳಬೇಕು. ಹಬ್ಬದ ಬೆಳಗ್ಗೆ ಕಡಲ ಮೇಲೆ ತೆಳ್ಳಗೆ ಮಬ್ಬು ಕವಿಯಿತು. ಬಿಷಪ್ಪರ ಹೇಸರಗತ್ತೆ ಮೆಟ್ಟಿಲ ಬುಡ ಮುಟ್ಟಿತ್ತು, ಊರೆಲ್ಲ ಸಡಗರದಲ್ಲಿತ್ತು. ಆಗ ಕೆಳಗಿನಿಂದ ಶಂಖದ ದನಿ ಕೇಳಿತು. ಉದ್ದನೆಯ ದನಿ, ಮತ್ತೆ ಉದ್ದನೆಯ ದನಿ. ದೋಣಿಯವರು ದಾರಿ ಕಾಣದಾದಾಗ ಊದುವ ರೀತಿ ಅದು.

ಗಂಟೆ ಬಾರಿಸಿದರು. ಸದ್ದು ಗುಡ್ಡದ ಸಂದುಗಳಲ್ಲಿ ಸುತ್ತಿ, ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಾಯಿತು. ನಜಾರಿಯೋ ಸುಣ್ಣದ ಬಾನಿ ಹೊತ್ತು ಓಡಿದ. ಬಳಿದ, ಬಳಿದ. ಆದರೆ ಹಸಿ ಸುಣ್ಣಕ್ಕೆ ಬಣ್ಣವೆಲ್ಲಿ? ಒಣಗಿದ ಮೇಲೆ ತಾನೇ ಅದು ಬೆಳ್ಳಗಾಗುವುದು! ಗೋಡೆ ಒದ್ದೆಯಾಯಿತು, ಕೆಂಪಾಗಿಯೇ ಉಳಿಯಿತು. "ತಾಯೀ, ಕಾವಿ ಬಳಿದ ಕೈ ನನ್ನದು, ಆ ಪಾಪವನ್ನು ಹುಡುಗರ ಮೇಲೆ ಹಾಕಬೇಡ" ಎಂದು ಅವನು ಅಲ್ಲೇ ಮೊಣಕಾಲೂರಿದ.

ಆ ಹೊತ್ತಿಗೆ ಅಗಸರ ಕಾರ್ಮೆಲಾ ತಲೆಯ ಮೇಲೆ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದಳು.

"ಏನು ನಜಾರಿಯಣ್ಣ, ಗೋಡೆಗೆ ಸ್ನಾನ ಮಾಡಿಸುತ್ತಿದ್ದೀಯಾ?"

ಅವನು ತಲೆಯೆತ್ತಿ ನೋಡಿದ. ಬುಟ್ಟಿಯ ತುಂಬ ಬೆಳ್ಳನೆ ಹಚ್ಚಡ. ಒಂದೇ ನೆಗೆತಕ್ಕೆ ಕಿತ್ತುಕೊಂಡ.

"ಅಯ್ಯೋ ಬಿಡೋ! ಬಿಷಪ್ಪರ ಹಾಸಿಗೆಗೆ ಅಂತ ಒಗೆದದ್ದು ಅದು!"

"ಬಿಷಪ್ಪರು ಕೂತೇ ನಿದ್ದೆ ಮಾಡಲಿ ಅಕ್ಕ. ಕಡಲಲ್ಲಿ ನಿನ್ನ ತಮ್ಮನೂ ಇದ್ದಾನೆ!"

ಅವಳಿಗೆ ಥಟ್ಟನೆ ಅರ್ಥವಾಯಿತು. ಮನೆಮನೆಗೆ ಕೂಗುತ್ತ ಓಡಿದಳು. ಹಚ್ಚಡಗಳು ಬಂದವು, ಮೇಜಿನ ಬಟ್ಟೆಗಳು ಬಂದವು, ಮದುವೆಗೆಂದು ಹುಡುಗಿಯರು ಪೆಟ್ಟಿಗೆಯಲ್ಲಿಟ್ಟಿದ್ದ ಕಸೂತಿ ಬಟ್ಟೆಗಳೂ ಬಂದವು. ಗೋಡೆಯ ನೆತ್ತಿಯಿಂದ ಹಗ್ಗ ಇಳಿಬಿಟ್ಟು ಒಂದಕ್ಕೊಂದು ಗಂಟು ಹಾಕಿ ತೂಗಿಸಿದರು. ನಲವತ್ತು ಬಟ್ಟೆ ಎನ್ನುವವರಿದ್ದಾರೆ, ನಾನೂರು ಎನ್ನುವವರೂ ಇದ್ದಾರೆ. ಎಷ್ಟಾದರೂ ನಡುವೆ ಒಂದಾಳುದ್ದ ಕೆಂಪು ಉಳಿಯಿತಂತೆ.

ಅಷ್ಟರಲ್ಲಿ ಬಿಷಪ್ಪರು ಏದುಸಿರು ಬಿಡುತ್ತ ಮೇಲೆ ಬಂದರು. ಗಾಸ್ಪಾರೊ ತಲೆತಗ್ಗಿಸಿ ನಡೆದದ್ದೆಲ್ಲ ಒಪ್ಪಿಸಿದ. ಬಿಷಪ್ಪರು ಪೂಜೆಗೆಂದು ತಂದಿದ್ದ ಬಿಳಿ ನಿಲುವಂಗಿಯನ್ನು ಗಂಟಿನಿಂದ ತೆಗೆದರು. "ನನ್ನ ಕಣ್ಣಿಗೆ ಚಂದವಾಗಲಿ ಅಂತ ತಾನೇ ಈ ಬಣ್ಣ? ಮುಚ್ಚುವುದರಲ್ಲೂ ನನ್ನ ಪಾಲಿರಲಿ ಮಗನೇ" ಎಂದು ನಜಾರಿಯೋನ ಕೈಗಿತ್ತರಂತೆ.

ಶಂಖ ನಿಂತಿತು. ಮಬ್ಬಿನೊಳಗಿಂದ ಒಂದು ದೋಣಿ ಬಂತು, ಎರಡು ಬಂತು. ಐದನೆಯದರಲ್ಲಿ ದೊನಾತೊ ಇದ್ದ. ಮೆಟ್ಟಿಲು ಹತ್ತಿ ಬಂದವನು ಅಪ್ಪನನ್ನು ಕೇಳಿದನಂತೆ: "ಅಪ್ಪಾ, ಇವತ್ತು ನಮ್ಮ ಗೋಡೆ ಉಸಿರಾಡುತ್ತಿತ್ತಲ್ಲ, ಅದೇನು?" ನಜಾರಿಯೋ ಮಗನ ಉಪ್ಪು ಹತ್ತಿದ ತಲೆಯನ್ನು ಸವರಿದನಂತೆ.

ನಜಾರಿಯೋ ದೇವರ ಪಾದ ಸೇರಿ ಯಾವ ಕಾಲವಾಯಿತೋ. ಇಂದು ಅಲ್ಲಿ ದೀಪಸ್ತಂಭವಿದೆ, ದೋಣಿಗಳಿಗೆ ಯಂತ್ರವಿದೆ. ಆದರೂ ವರ್ಷಕ್ಕೊಮ್ಮೆ, ಹಬ್ಬದ ಮುನ್ನಾದಿನ ಊರವರು ಆ ಗೋಡೆಗೆ ಸುಣ್ಣ ಬಳಿಯುತ್ತಾರೆ. ಬಳಿದ ಕೂಡಲೇ ಮನೆಗೊಂದರಂತೆ ಹಚ್ಚಡ ತಂದು, ಹಸಿ ಗೋಡೆಗೆ ತಾಗದಂತೆ ಮುಂದೆ ತೂಗುಹಾಕುತ್ತಾರೆ. ಊರು ನೋಡಲು ಮೆಟ್ಟಿಲು ಹತ್ತಿ ಬಂದ ಪರವೂರವರು ಬೆರಗಾಗಿ, ಇದೇನು, ಇಗರ್ಜಿಯ ಮೇಲೆ ಬಟ್ಟೆ ಒಣಹಾಕಿದ್ದೀರಲ್ಲ ಎಂದು ಕೇಳುತ್ತಾರಂತೆ. ಆಗ ಅಲ್ಲಿನ ಮುದುಕಿಯರು ಅವರ ಬಿಳಿ ಕರವಸ್ತ್ರವನ್ನೂ ಕೇಳಿ ಪಡೆದು, ಹಗ್ಗಕ್ಕೆ ಕಟ್ಟಿ, ಹೇಳುತ್ತಾರಂತೆ:

"ಬಟ್ಟೆಯಲ್ಲ ಮಗಾ, ಒಣಗುತ್ತಿರುವುದು ಗೋಡೆ. ಅದು ಒಣಗುವ ತನಕ ಯಾರಾದರೂ ಮನೆಗೆ ಬರುತ್ತಿದ್ದರೆ?"