ನರಿ ಕಚ್ಚಿದ ಚೆಂಡು ಹೂವಿನ ಕುಡಿ

ಒಂದು ಕಾಡಿನಲ್ಲಿ ಆನೆಯಮ್ಮ ಬಸುರಿಯಾಗಿದ್ದಳು. ಮರಿಗೆ ಹೆಸರಿಡುವ ದಿನ ಚಪ್ಪರದ ತುಂಬ ಹೂವಿರಬೇಕು, ಬೆಳಿಗ್ಗೆ ಕೊಯ್ದದ್ದು ಸಂಜೆಯವರೆಗೂ ಬಾಡಬಾರದು ಎಂದು ಅವಳ ಆಸೆ. ಅಂಥ ಹೂವು ಬೆಳೆದುಕೊಟ್ಟವರಿಗೆ ಹೊಳೆದಂಡೆಯ ಮೆತ್ತನೆಯ ನೆಲ ಕೊಡುವುದಾಗಿ ಸಾರಿಸಿದಳು.

ಮುಳ್ಳುಹಂದಿಗೆ ಆ ನೆಲ ಬೇಕೇಬೇಕಿತ್ತು. ಬಂಡೆಗಳ ನಡುವೆ ಬಿಲ ತೋಡಿ ತೋಡಿ ಅವಳ ಉಗುರೆಲ್ಲ ಸವೆದಿತ್ತು. ನರಿಗೂ ಬೇಕಿತ್ತು. ಏಡಿ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಇಬ್ಬರೂ ಬೀಜ ಕೂಡಿಡುವ ಕರಡಿಯಜ್ಜನ ಬಳಿ ಹೋದರು. ಬೇಗ ಅರಳುವುದು ಯಾವುದು, ಬಣ್ಣ ಹೆಚ್ಚಿರುವುದು ಯಾವುದು ಎಂದು ವಿಚಾರಿಸಿ ನರಿ ಕರ್ಣಕುಂಡಲದ ಬೀಜ ಬಾಚಿಕೊಂಡ. ಮುಳ್ಳುಹಂದಿ ಕೇಳಿದ್ದು ಒಂದೇ ಮಾತು: "ಅಜ್ಜಾ, ಕೊಯ್ದ ಮೇಲೆ ಯಾವುದು ತಾಳುತ್ತೆ?"

ಅಜ್ಜ ಚೆಂಡು ಹೂವಿನ ಬೀಜ ಕೊಟ್ಟ.

"ಅಕ್ಕಾ, ಅದರ ಘಾಟಿಗೆ ಆನೆಯಮ್ಮ ಸೊಂಡಿಲಿಗೇ ಗಂಟು ಹಾಕ್ಕೋತಾಳೆ," ಎಂದು ನರಿ ಹಂಗಿಸಿದ.

ಮುಳ್ಳುಹಂದಿ ತನ್ನದೇ ಉದುರಿದ ಮುಳ್ಳಿನಿಂದ ಸಾಲಾಗಿ ತೂತು ಮಾಡಿ ಬೀಜ ಬಿತ್ತಿದಳು. ಸಸಿಗಳು ನೆಟ್ಟಗೆ ಎದ್ದವು. ನರಿಗೆ ಹೊಟ್ಟೆಕಿಚ್ಚು. ಅವಳು ನೀರಿಗೆ ಹೋದಾಗ ಒಂದೊಂದೇ ಗಿಡದ ಕುಡಿ ಕಚ್ಚಿ ಉಗಿದು ಓಡಿದ.

ತಲೆಯಿಲ್ಲದ ಗಿಡಗಳನ್ನು ಕಂಡು ಮುಳ್ಳುಹಂದಿ ಕಣ್ಣೀರಿಟ್ಟಳು. ಅಜ್ಜ ಬಂದು ನೋಡಿ, ಬೇರು ಗಟ್ಟಿಯಿದೆ, ನೀರು ಹಾಕುವುದನ್ನು ಬಿಡಬೇಡ ಎಂದ. ಅವಳು ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಎಲೆಗಳ ಬುಡದಿಂದ ಕವಲುಗಳು ಒಡೆದವು. ಕವಲು ಕವಲಿಗೂ ಮೊಗ್ಗು.

ಹೆಸರಿಡುವ ದಿನ ಬಂತು. ನರಿ ಹೊತ್ತು ತಂದ ಕರ್ಣಕುಂಡಲ ದಾರಿಯಲ್ಲೇ ಜೋತುಬಿತ್ತು. ಚಪ್ಪರ ಮುಟ್ಟುವಷ್ಟರಲ್ಲಿ ಎಸಳೆಲ್ಲ ಉದುರಿ ದಂಟಷ್ಟೇ ಉಳಿದಿತ್ತು. ಮುಳ್ಳುಹಂದಿಯ ಹೂವು ಚಪ್ಪರ ತುಂಬಿ, ಮರಿಯಾನೆಯ ಕೊರಳಿಗೂ ಆಗಿ, ಸಂಜೆಯಾದರೂ ನಗುತ್ತಲೇ ಇತ್ತು.

ನರಿಗೆ ತಡೆಯಲಾಗಲಿಲ್ಲ. "ಇದರಲ್ಲೇನೋ ಮೋಸ ಇದೆ. ಒಂದು ಕುಡೀನೂ ಬಿಡದೆ ನಾನೇ ಕಚ್ಚಿ ಹಾಕಿದ್ದೆ. ಇಷ್ಟು ಹೂವು ಎಲ್ಲಿಂದ ಬಂತು?"

ಎಲ್ಲರೂ ನರಿಯತ್ತ ತಿರುಗಿದರು.

"ಕುಡಿ ಚಿವುಟಿದರೇ ಕಣೋ ಚೆಂಡು ಹೂವು ಕವಲೊಡೆಯೋದು," ಎಂದ ಅಜ್ಜ. "ನಾನೇ ಚಿವುಟಿಕೊಡೋಣ ಅಂತಿದ್ದೆ, ಬೆನ್ನು ಬಗ್ಗಲಿಲ್ಲ. ಪುಣ್ಯಾತ್ಮ, ನೀನೇ ಮುಗಿಸಿಬಿಟ್ಟೆ."

ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯಿತು. ಹೊಳೆದಂಡೆ ಮುಳ್ಳುಹಂದಿಯ ಪಾಲಾಯಿತು. ಇನ್ನು ಮುಂದೆ ಅಲ್ಲಿ ಕುಡಿ ಚಿವುಟುವ ಕೆಲಸ ನರಿಯದೇ, ಏಡಿಯನ್ನು ಮಾತ್ರ ಮುಟ್ಟುವಂತಿಲ್ಲ ಎಂದು ಆನೆಯಮ್ಮ ಅಪ್ಪಣೆ ಮಾಡಿದಳು.

ನೀತಿ: ಪರರಿಗೆ ಕೇಡು ಬಗೆದವನು ತಾನೇ ಕೆಡುತ್ತಾನೆ, ಅರಿತು ಆರಿಸಿ, ಬಿಡದೆ ದುಡಿದವರಿಗೆ ಫಲ ಸಿಗುತ್ತದೆ.