ಬೀದಿಗೊಬ್ಬ ಆಟಗಾರ

ಗುಡ್ಡೇನಹಳ್ಳಿಯ ಸಿಂಗ್ರಯ್ಯ ಹರೆಯದಲ್ಲಿ ಕಬಡ್ಡಿ ಅಂಕಣಕ್ಕೆ ಇಳಿದು ತೊಡೆ ತಟ್ಟಿದರೆ, ಆ ಸದ್ದಿಗೇ ಎದುರು ತಂಡದವರು ಗೆರೆಯಾಚೆ ಹೋಗಿ ನಿಲ್ಲುತ್ತಿದ್ದರಂತೆ. ಕಣ್ಣಾರೆ ಕಂಡವರು ಒಬ್ಬರೂ ಈಗ ಉಳಿದಿಲ್ಲ. ಸುಳ್ಳು ಅನ್ನುವವರೂ ಉಳಿದಿಲ್ಲ.

ಈ ಸಲ ಊರಿನ ತಂಡ ಹೋಬಳಿ ಪಂದ್ಯದ ಮೊದಲ ಆಟದಲ್ಲೇ ಸೋತು ಬಂತು. ಹೋದ ವರ್ಷವೂ ಹೀಗೇ ಆಗಿತ್ತು. ಸಾಕಮ್ಮನ ಟೀ ಅಂಗಡಿ ಮುಂದೆ ಜನ ಸೇರಿದರು. ಹಿಟ್ಟಿನ ಗಿರಣಿ ನಡೆಸುತ್ತ, ಸಂಜೆ ಹೊತ್ತು ಹುಡುಗರಿಗೆ ಬಿಟ್ಟಿ ಆಟ ಕಲಿಸುವ ಮರಿದೇವರು ಮೂಲೆಯ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಊರ ಯಜಮಾನ ಚಿಕ್ಕೇಗೌಡ ಕೈ ಚಾಚಿದ. "ಸೀಟಿ ಕೊಡಪ್ಪ. ನಿನ್ನ ಕೈಲಿ ಆಗಲ್ಲ. ಬೇರೆ ಕೋಚ್ ನೋಡ್ತೀವಿ."

ಮರಿದೇವರು ಕೊರಳಿನ ದಾರಕ್ಕೆ ಕೈ ಹಾಕಿದ. ಆ ಸೀಟಿ ಬಿಟ್ಟರೆ ಅವನ ಬದುಕಲ್ಲಿ ಗಿರಣಿಯ ಧೂಳು ಮಾತ್ರ.

ಅಲ್ಲೇ ಕೂತಿದ್ದ ಮುದುಕ ಸಿಂಗ್ರಯ್ಯ ಬೀಡಿ ಆರಿಸಿ ಎದ್ದ. ಊರಿಗೆ ಬುದ್ಧಿ ಹೇಳುವುದು ಅಂದರೆ ಅವನಿಗೆ ಹಬ್ಬ.

"ತಡೀರಪ್ಪ. ನಮ್ಮ ಕಾಲದಲ್ಲೂ ಹಿಂಗೇ ಸೋತ್ವಿ. ಗುರುವನ್ನ ಓಡಿಸಿದ್ರು. ಇನ್ನೊಬ್ಬ ಬಂದ, ಅವನೂ ಸೋತ. ಆಮೇಲೆ ಒಬ್ಬ ಉಸ್ತಾದ್ ಬಂದ ನೋಡಿ, ಹುಲಿಗೇ ದಮ್ಮು ಕಟ್ಟೋದು ಕಲಿಸಿದೋನು. ಅವನೂ ಸೋತ. ಆಗ ನಾನು ಕೇಳಿದೆ: ಅಡಿಗೆಯವನನ್ನ ಬದಲಾಯಿಸ್ತಾನೇ ಇದ್ದೀರಿ, ಅಕ್ಕಿಗೆ ಕಲ್ಲು ಬೆರೆಸ್ತಿರೋ ಕೈ ಯಾರದು?"

"ಈಗ ಆ ಮಾತು ಯಾಕೆ?" ಅಂದ ಚಿಕ್ಕೇಗೌಡ.

"ಯಾಕಾ? ಊರಿಗೆ ಏಳು ಬೀದಿ, ತಂಡಕ್ಕೆ ಏಳು ಜನ. ಜಗಳ ಬೇಡ ಅಂತ ಬೀದಿಗೊಬ್ಬ ಅಂತ ಮಾಡಿಟ್ಟಿದ್ದೀರಿ. ಕೆರೆಬೀದಿ ಅಣ್ಣತಮ್ಮ ಚಿಕ್ಕಂದಿನಿಂದ ಕೈಕೈ ಹಿಡಿದು ಕೊಂಡಿ ಹಾಕಿ ಆಡಿದೋರು. ಅವರ ನಡುವೆ ನುಗ್ಗಿದೋನು ವಾಪಸ್ ಹೋಗಿದ್ದುಂಟಾ? ಒಂದೇ ಬೀದಿಯೋರು ಅಂತ ಒಬ್ಬನನ್ನ ಹೊರಗೆ ಕೂರಿಸಿದಿರಿ. ಆಳು ಆರಿಸೋರು ನೀವು, ಸೋತಾಗ ಬೈಸಿಕೊಳ್ಳೋನು ಇವನು. ಇದ್ಯಾವ ನ್ಯಾಯ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರಿದೇವರು ಮೆಲ್ಲಗೆ ಅಂದ, "ನಂದೂ ತಪ್ಪಿದೆ ಗೌಡ್ರೇ. ಇಬ್ಬರನ್ನೂ ಕೊಡದಿದ್ರೆ ಆಡಿಸಲ್ಲ ಅಂತ ಅವತ್ತೇ ಗಟ್ಟಿಯಾಗಿ ಹೇಳಬೇಕಿತ್ತು. ಊರಿನ ಮುಲಾಜಿಗೆ ಬಿದ್ದೆ."

ಚಿಕ್ಕೇಗೌಡ ಚಾಚಿದ ಕೈ ಹಿಂದಕ್ಕೆ ತಗೊಂಡ. "ಆಯ್ತು. ಸೀಟಿ ನಿನ್ನ ಹತ್ರಾನೇ ಇರಲಿ. ಇನ್ಮೇಲೆ ಆಳು ಆರಿಸೋನು ನೀನೇ. ಆಮೇಲೆ ಸೋತ್ರೆ ನಿನ್ನನ್ನೇ ಕೇಳ್ತೀವಿ."

"ಕೇಳಿ," ಅಂದ ಮರಿದೇವರು. ಈಗ ಅವನ ತಲೆ ಮೇಲೆದ್ದಿತ್ತು.

ಸಿಂಗ್ರಯ್ಯ ಗೆದ್ದವನ ಹಾಗೆ ಎದೆಯುಬ್ಬಿಸಿ ಮೀಸೆ ತೀಡಿದ. ಸಾಕಮ್ಮ ಅವನ ಮುಂದೆ ಟೀ ಲೋಟ ಇಟ್ಟಳು.

"ಒಳ್ಳೇ ಮಾತು ಹೇಳಿದೆ ತಾತ. ಹೋದ ವರ್ಷ ಇವನು ಆ ಅಣ್ಣತಮ್ಮ ಇಬ್ಬರನ್ನೂ ಇಳಿಸ್ತೀನಿ ಅಂದಾಗ, 'ಕೋಟೆಬೀದಿಯ ನನ್ನ ಮೊಮ್ಮಗನ್ನ ಕೈಬಿಟ್ರೆ ಅಂಕಣದಲ್ಲಿ ಅಡ್ಡ ಮಲಗ್ತೀನಿ' ಅಂತ ರಂಪ ಮಾಡಿದ್ದು ಯಾರು?"

ಅಂಗಡಿ ಮುಂದೆ ನಗು ಎದ್ದಿತು. ಸಿಂಗ್ರಯ್ಯ ಹೆಗಲು ಕುಣಿಸಿದ.

"ಮಲಗಿದ್ದಿದ್ರೆ ನನ್ನ ದಾಟಿ ಒಬ್ಬನೂ ರೈಡ್ ಹೋಗ್ತಿರಲಿಲ್ಲ, ಬಿಡವ್ವ."

ನೀತಿ: ಆಳನ್ನು ಆರಿಸುವ ಕೈ ನಮ್ಮದಾದರೆ ಸೋಲಿನಲ್ಲಿ ಪಾಲೂ ನಮ್ಮದೇ. ಕಲಿಸುವವನನ್ನು ದೂರುವ ಮೊದಲು, ಅವನ ಕೈಗೆ ನಾವು ಏನು ಕೊಟ್ಟಿದ್ದೆವು ಎಂದು ನೋಡಿಕೊಳ್ಳಬೇಕು.