ದೇವರು ನಕ್ಕಿದ್ದಕ್ಕೆ ಆದ ಪಂಚಾಯ್ತಿ

ಒಂದಾನೊಂದು ಊರಿನಲ್ಲಿ ಅಂತ ಶುರುಮಾಡಿದರೆ ಯಾವ ಊರು ಅಂತ ಕೇಳುತ್ತೀರಿ. ನಿಮ್ಮದಲ್ಲ, ಸುಮ್ಮನೆ ಕೇಳಿ. ಆ ಊರಲ್ಲಿ ಗುಂಡುಕಲ್ಲಪ್ಪನ ಗುಡಿ. ಗುಡಿ ಬಾಗಿಲಲ್ಲಿ ಹೂವಾಡಗಿತ್ತಿ ಚೆಲುವಕ್ಕ. ಎದುರಿನ ಹುಣಸೆಮರದಲ್ಲಿ ಒಂದು ದೆವ್ವ.

ಚೆಲುವಕ್ಕ ಹೂ ಕಟ್ಟುತ್ತಾ ದೇವರು ದೆವ್ವಗಳ ಕತೆ ಹೇಳುತ್ತಿದ್ದಳು. ಇಬ್ಬರೂ ಒಂದೇ ಕಂಬಳಿ ಹೊದ್ದು ಮಲಗಿದ್ದು, ದೇವರ ಗೊರಕೆ ತಡೆಯಲಾರದೆ ದೆವ್ವ ದೇವರಿಗೇ ಹರಕೆ ಹೊತ್ತಿದ್ದು, ಇಂಥವು. ಕೇಳಿ ಜನ ನಗುತ್ತಿದ್ದರು. ಮರದ ಮೇಲೆ ದೆವ್ವ ನಗುತ್ತಿತ್ತು. ಗರ್ಭಗುಡಿಯೊಳಗೆ ದೇವರೂ ನಗುತ್ತಿದ್ದ.

ಗುಡಿಯ ಪಾರುಪತ್ಯ ನೋಡುವ ತೋಪಯ್ಯ ಮಾತ್ರ ನಗಲಿಲ್ಲ. ದೇವರಿಗೆ ನೋವಾಗಿದೆ ಅಂದ. ಯಾರು ಹೇಳಿದರು ಅಂದರೆ, ನನಗೆ ಆಗಿದೆಯಲ್ಲ ಅಂದ. ಮಾರನೇ ದಿನ ಅವನ ಹೆಂಡತಿಗೂ ನೋವಾಯಿತು. ಆಮೇಲೆ, ಕತೆಯನ್ನೇ ಕೇಳಿರದ ಕಿವುಡ ಭಾವಮೈದನಿಗೂ ಆಯಿತು. ನೋವಾಗದವರನ್ನು ಊರು ಅನುಮಾನದಿಂದ ನೋಡತೊಡಗಿತು. ಹಾಗಾಗಿ ಎಲ್ಲರಿಗೂ ನೋವಾಯಿತು. ಚೆಲುವಕ್ಕನನ್ನು ಊರು ಬಿಡಿಸಬೇಕು ಅಂತ ಮಾತಾಯಿತು.

ಊರು ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. "ಗುಂಡುಕಲ್ಲಪ್ಪನ್ನೇ ಕೇಳ್ರಿ ಮತ್ತೆ," ಅಂದಳು.

ಅಲ್ಲಿನ ಪದ್ಧತಿ ಅದು. ದೇವರ ತಲೆ ಮೇಲೆ ಹೂವಿಟ್ಟು ಕೇಳುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಕೇಳುವಾಗ ಎಲ್ಲರೂ ಕಣ್ಣು ಮುಚ್ಚಬೇಕು, ಪೂಜಾರಿಯೂ.

ಇವಳು ಊರು ಬಿಡಬೇಕೇ ಅಂತ ತೋಪಯ್ಯ ಕೇಳಿದ. ದೇವರಿಗೆ ಕತೆ ಬೇಕು. ಎಡಕ್ಕೆ ಉರುಳಿಸಲು ಹೊರಟ. ಅಷ್ಟರಲ್ಲಿ ಚೆಲುವಕ್ಕನ ಕತೆಯ ಆ ಗೊರಕೆ ನೆನಪಾಯಿತು. ಮೈ ಕುಲುಕಿಸಿ ನಕ್ಕ. ಬಲಕ್ಕೊಂದಿಷ್ಟು ಹೂ, ಎಡಕ್ಕೊಂದಿಷ್ಟು, ಕಿರೀಟ ಪೂಜಾರಿಯ ಕಾಲ ಮೇಲೆ. ನೋಡಿ, ದೇವರು ಸಿಟ್ಟಿಗೆ ನಡುಗಿದ ಅಂದ ತೋಪಯ್ಯ. ಆದರೂ ಎರಡೂ ಕಡೆ ಬಿದ್ದಿದ್ದು ಅಪ್ಪಣೆಯಲ್ಲ. ನಾಳೆ ಒಂದೇ ಹೂವಿಟ್ಟು ಕೇಳೋಣ ಅಂತಾಯಿತು.

ದೇವರು ಹುಣಸೆಮರದ ಹತ್ತಿರ ಹೋದ. ನನಗೆ ನಗು ತಡೆಯೋಕಾಗಲ್ಲ, ನಾಳೆ ನೀನು ಕಲ್ಲೊಳಗೆ ಕೂತು ಹೂವನ್ನ ಎಡಕ್ಕೆ ಬೀಳಿಸು ಮಾರಾಯ ಅಂದ. ದೆವ್ವಕ್ಕೂ ಕತೆ ಬೇಕಲ್ಲ, ಒಪ್ಪಿತು.

ದೆವ್ವ ಕೂತಿತು. ಗಂಧಕ್ಕೆ ಮೈಯೆಲ್ಲ ತುರಿಸಿ ಮುಖ ಗಂಟಿಕ್ಕಿತು. ಇವತ್ತು ಎಂಥ ಕಳೆ ಅಂತ ಜನ ಕೆನ್ನೆ ಬಡಿದುಕೊಂಡು ಕಣ್ಣು ಮುಚ್ಚಿದರು. ತೋಪಯ್ಯ ಕೈ ಮುಗಿದ.

"ಸ್ವಾಮಿ, ಲೋಕವನ್ನೆಲ್ಲ ಮಾಡಿದೋನು ನೀನು. ನಿನ್ನ ಮರ್ಯಾದೆ ಉಳಿಸೋಕೆ ನನ್ನ ಬಿಟ್ರೆ ಯಾರಿದ್ದಾರೆ? ನೀನು ಹೆದರಬೇಡ, ನಾನಿದ್ದೀನಿ."

ಇಂಥ ಕತೆಯನ್ನು ಚೆಲುವಕ್ಕನೂ ಹೇಳಿರಲಿಲ್ಲ. ದೆವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕಲ್ಲಿನಿಂದ ಹೊರಗೋಡಿತು. ಹೂ ಮಾತ್ರ ಅಲ್ಲೇ ಉಳಿಯಿತು. ಒಳಗೆ ಯಾರೂ ಇಲ್ಲ, ಬೀಳಿಸೋರು ಯಾರು?

ಜನ ಕಾದರು. ಹೂ ಒಣಗಿತು, ಬೀಳಲಿಲ್ಲ. ಇನ್ನೂ ಕಾಯುತ್ತಿದ್ದಾರೆ. ಅಪ್ಪಣೆಯಾಗುವತನಕ ಚೆಲುವಕ್ಕನನ್ನು ಕಳಿಸುವಂತಿಲ್ಲ, ಪದ್ಧತಿ. ಅವಳು ಕತೆ ಹೇಳುತ್ತಾ ಅಲ್ಲೇ ಇದ್ದಾಳೆ. ತೋಪಯ್ಯನಿಗೂ ಸಮಾಧಾನ. ಈಗ ದೇವರು ಎಷ್ಟು ಗಂಭೀರವಾಗಿದ್ದಾನೆ ಅಂತ ಬಂದವರಿಗೆಲ್ಲ ತೋರಿಸುತ್ತಾನೆ.

ದೇವರೂ ದೆವ್ವವೂ ಊರವರ ವೇಷದಲ್ಲಿ ಚೆಲುವಕ್ಕನ ಎದುರಿಗೇ ಕೂತಿರುತ್ತಾರೆ. ಮೊನ್ನೆ ದೇವರು ನಕ್ಕು ನಕ್ಕು ಹಿಂದಕ್ಕೆ ಬಿದ್ದ. ತೋಪಯ್ಯ ಬಂದು ರಟ್ಟೆ ಹಿಡಿದೆಬ್ಬಿಸಿದ.

"ಗುಡಿ ಮುಂದೆ ಹಲ್ಲು ಕಿಸೀತೀಯಲ್ಲೋ, ದೇವರ ಭಯ ಇಲ್ವಾ ನಿಂಗೆ?"

"ಇಲ್ಲ ಬುದ್ಧೀ, ನಿಮ್ಮದೇ ಭಯ," ಅಂದ ದೇವರು.

ನೀತಿ ಏನು ಅಂತೀರಾ? ದೇವರನ್ನು ಕಾಯೋಕೆ ಜನ ಬೇಕೇ ಬೇಕು, ಇಲ್ಲದಿದ್ದರೆ ಅವನೆಲ್ಲಿ ಹೊರಗೆ ಬಂದುಬಿಡುತ್ತಾನೋ. ಕತೆ ನಂದು, ನಗು ನಿಮ್ಮದು, ಏಳಿ ಇನ್ನು.